ಮೂರು ದಿನ ಸುಟ್ಟರೂ ಏಳದ ಬಂಡೆ

೧೯೬೨ರ ಜೂನ್‌ನಲ್ಲಿ ನಾನು ಭೂವಿಜ್ಞಾನಿಯಾಗಿ ಕೋಲಾರ ಜಿಲ್ಲೆಯ ಊರಿಗಾಂಗೆ ಬಂದೆ. ಆಗ ನನಗೆ ಮೂವತ್ತೊಂದು ವರ್ಷ. ಕೋಲಾರದ ಗಣಿ ಎಂದರೆ ಜನಕ್ಕೆ ನೆನಪಾಗುವುದು ಚಿನ್ನ. ನನಗೂ ಚಿನ್ನಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅಲ್ಲಿ ಕಪ್ಪು ಶಿಲೆಯ ಪಟ್ಟಿಯೊಂದು ಉತ್ತರ ದಕ್ಷಿಣವಾಗಿ ಹಾದುಹೋಗುತ್ತದೆ. ಅದರ ಎರಡೂ ಮಗ್ಗುಲಿಗೆ ನೈಸ್ ಎಂಬ ಗೆರೆಗೆರೆಯ ಬೂದು ಕಲ್ಲು. ಎರಡೂ ಭೂಮಿಯ ಒಳಗಿನ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿಕೊಂಡ ಶಿಲೆಗಳು, ಎಂದೋ ಸವೆದುಹೋದ ಪರ್ವತಶ್ರೇಣಿಯೊಂದರ ಬುಡ. ಅವು ಎಲ್ಲಿ ಕೂಡುತ್ತವೆ, ಯಾವ ಕಡೆಗೆ ವಾಲಿವೆ ಎಂದು ಅಳೆದು ನಕ್ಷೆ ಬರೆಯುವುದು, ವಯಸ್ಸು ತಿಳಿಯಲು ಮಾದರಿಗಳನ್ನು ಆರಿಸಿ ಕಳಿಸುವುದು ನನ್ನ ಕೆಲಸ.

ಈ ಕೆಲಸವನ್ನು ನಾನೇ ಕೇಳಿ ಹಾಕಿಸಿಕೊಂಡಿದ್ದೆ. ಹಿಂದಿನ ವರ್ಷ ನನ್ನ ಹೆಂಡತಿ ಟೈಫಾಯ್ಡ್‌ನಿಂದ ತೀರಿಕೊಂಡಿದ್ದಳು. ಧಾರವಾಡದಲ್ಲಿ ಎದುರು ಸಿಕ್ಕವರೆಲ್ಲ ಮುಖ ಸಣ್ಣ ಮಾಡಿಕೊಂಡು ಮಾತಾಡಿಸುತ್ತಿದ್ದರು, ಅದು ಸಾಕುಸಾಕಾಗಿತ್ತು. ಊರಿಗಾಂನಲ್ಲಿ ಅಕ್ಕಪಕ್ಕದವರೆಲ್ಲ ತಮಿಳು ಇಲ್ಲವೆ ತೆಲುಗಿನವರು. ಭಾಷೆ ಬರುವುದಿಲ್ಲ ಎಂಬ ನೆಪ ನನಗೆ ಅನುಕೂಲವಾಗಿಯೇ ಇತ್ತು. ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಮನೆಗಳ ಪಾತ್ರೆ ಗಲಗಲ ಎನ್ನುತ್ತಿದ್ದವು. ಸಾಲುಮನೆಗಳ ಹೆಂಗಸರೆಲ್ಲ ಬೀದಿಗೆ ಬಂದು, ಒಳಗೆ ಇಳಿದವರ ಬಗ್ಗೆ ಒಬ್ಬರನ್ನೊಬ್ಬರು ಕೇಳುತ್ತ ನಿಲ್ಲುತ್ತಿದ್ದರು. ನಾನು ಒಳಗೇ ಕೂತು, ಉರುಳಿದ ಲೋಟ ಎತ್ತಿಡುತ್ತಿದ್ದೆ. ನನಗಾಗಿ ಬೀದಿಯಲ್ಲಿ ನಿಂತು ಕಾಯುವವರು ಯಾರೂ ಇಲ್ಲ ಎಂಬುದು ಆಗ ಚೆನ್ನಾಗಿ ತಿಳಿಯುತ್ತಿತ್ತು.

ದಿನವೂ ಸುತ್ತಿಗೆ, ಕಂಪಾಸು, ಬುತ್ತಿ ಹಿಡಿದು ಕ್ಯಾಸಂಬಳ್ಳಿ ಕಡೆಯ ಬಸ್ಸು ಹತ್ತುತ್ತಿದ್ದೆ. ಅಲ್ಲೊಂದು ಹಾಸುಬಂಡೆ. ಅದರ ಒಂದು ಮೂಲೆಯಲ್ಲಿ ಮೇಲಿನ ಕಪ್ಪು ಹೊಪ್ಪಳೆ ಎದ್ದುಹೋಗಿ, ಕಲ್ಲು ಈಗ ತಾನೇ ಹುಟ್ಟಿದ ಹಾಗೆ ಹೊಸದಾಗಿ ಹೊಳೆಯುತ್ತಿತ್ತು. ವಯಸ್ಸು ಕಟ್ಟಲು ಬೇಕಾದದ್ದೇ ಅಂಥ ಕಲ್ಲು, ಬಿಸಿಲು ಮಳೆಗೆ ಮಾಗದ್ದು. ನಸುಗೆಂಪು ಛಾಯೆ ಬೇರೆ ಇತ್ತು. ಹಿಂದೆಂದೋ ಎರಡನೇ ಸಲ ಕಾದದ್ದರ ಗುರುತು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆ ಮೂಲೆಯಿಂದಲೇ ಚಕ್ಕೆ ಒಡೆದು, ಬೇರೆ ನಾಲ್ಕು ಕಡೆಯ ಮಾದರಿಗಳ ಜೊತೆ ವಿದೇಶದ ಪ್ರಯೋಗಾಲಯಕ್ಕೆ ಕಳಿಸಿಕೊಟ್ಟೆ.

ಕಲ್ಲಿನೊಳಗಿನ ಕಪ್ಪು ಅಭ್ರಕದಲ್ಲಿ ಪೊಟ್ಯಾಸಿಯಂ ಇರುತ್ತದೆ. ಅದರ ಒಂದಂಶ ಬಲು ನಿಧಾನವಾಗಿ ಆರ್ಗಾನ್ ಅನಿಲವಾಗಿ ಒಳಗೇ ಉಳಿಯುತ್ತದೆ. ಎಷ್ಟು ಅನಿಲ ಸೇರಿದೆ ಎಂದು ಅಳೆದರೆ ಕಲ್ಲಿನ ವಯಸ್ಸು ಸಿಗುತ್ತದೆ. ನಡುವೆ ಕಲ್ಲು ಚೆನ್ನಾಗಿ ಕಾದರೆ ಅನಿಲ ಹೊರಗೆ ಹೋಗಿ, ಕಲ್ಲು ಇರುವುದಕ್ಕಿಂತ ಚಿಕ್ಕ ವಯಸ್ಸು ಹೇಳುತ್ತದೆ.

ಎಂಟು ತಿಂಗಳ ಮೇಲೆ ಫಲಿತಾಂಶ ಬಂತು. ನಾಲ್ಕು ಮಾದರಿಗಳು ಒಂದೇ ಓರಗೆಯವು. ಕ್ಯಾಸಂಬಳ್ಳಿಯದು ಮಾತ್ರ ಅವಕ್ಕಿಂತ ಕೋಟ್ಯಂತರ ವರ್ಷ ಚಿಕ್ಕದು. ಒಂದೇ ಕಲ್ಲನ್ನು ನಂಬಿ ಸಿದ್ಧಾಂತ ಕಟ್ಟಬಾರದು ಎಂದು ನನಗೆ ಗೊತ್ತಿತ್ತು. ಆದರೂ ಹೊಸದೇನನ್ನೋ ಕಂಡೆನೆಂಬ ಹುರುಪಿನಲ್ಲಿ, ಈ ಶ್ರೇಣಿ ಎರಡು ಸಲ ಕಾದಿದೆ ಎಂದು ಬೆಂಗಳೂರಿಗೆ ವರದಿ ಬರೆದೆ.

ಅಲ್ಲಿದ್ದ ನಮ್ಮ ಮೇಲಧಿಕಾರಿಗಳನ್ನು ರಾಯರು ಎಂದಷ್ಟೇ ಕರೆಯುತ್ತೇನೆ. ಶ್ರೇಣಿ ಕಾದದ್ದೂ ಮಡಿಚಿಕೊಂಡದ್ದೂ ಒಂದೇ ಸಲ ಎಂಬುದು ಅವರು ಮೂವತ್ತು ವರ್ಷ ನಡೆದು ನೋಡಿ ಕಂಡುಕೊಂಡದ್ದು. ನಿವೃತ್ತಿಗೆ ಎರಡು ತಿಂಗಳಿತ್ತು. ಅದನ್ನೇ ಕೊನೆಯ ಅಧ್ಯಾಯವಾಗಿಟ್ಟ ಅವರ ದೊಡ್ಡ ವರದಿ ಅಚ್ಚಿಗೆ ಹೊರಟಿತ್ತು. ಜಗಳಕ್ಕೆ ಬರುತ್ತಾರೆ ಎಂದುಕೊಂಡಿದ್ದೆ. ಕೊನೆಯ ಅಧ್ಯಾಯ ತೆಗೆಯುತ್ತಿದ್ದೇನೆ, ಆ ಜಾಗದ ಒಂದು ಫೋಟೋ ಕಳಿಸಿ ಎಂದು ಎರಡು ಸಾಲು ಬರೆದರು. ಗೆದ್ದೆ ಅನ್ನಿಸಿತು. ಹೇಳಿಕೊಳ್ಳಲು ಯಾರೂ ಇರಲಿಲ್ಲ, ಕಾಗದ ಮಡಿಚಿ ಜೇಬಿಗಿಟ್ಟುಕೊಂಡೆ.

ಕ್ಯಾಮರಾ ಹಿಡಿದು ಹೋದಾಗ ಹಾಸುಬಂಡೆಯ ಮೇಲೆ ಹೊಗೆ ಏಳುತ್ತಿತ್ತು. ಕಲ್ಲು ಒಡೆಯುವ ವಯಸ್ಸಾದವರೊಬ್ಬರು ಮನೆಮಂದಿಯೊಡನೆ ಚಪ್ಪಡಿ ಎಬ್ಬಿಸಲು ಬಂಡೆಯ ಮೇಲೆ ಸೌದೆ ಹಚ್ಚಿ, ಉರಿಯನ್ನು ಮೆಲ್ಲಗೆ ಮುಂದಕ್ಕೆ ಸರಿಸುತ್ತಿದ್ದರು. ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಿದ್ದರು. ಟೊಳ್ಳು ಸದ್ದು ಬಂದರೆ ಚಪ್ಪಡಿ ಬುಡ ಬಿಟ್ಟಿತೆಂದು ಅರ್ಥ. ನಾನು ಕ್ಯಾಮರಾ ಕೆಳಗಿಟ್ಟೆ. ಹೊಳೆಯುವ ಮೂಲೆಯನ್ನು ತೋರಿಸಿ, ಅಲ್ಲಿಯೂ ಬೆಂಕಿ ಹಾಕಿದ್ದಿರಾ ಎಂದು ಕೇಳಿದೆ.

“ಊಂ ಸಾಮಿ. ನೀವು ಬರಾಕ್ ಮುಂಚೇನೇ. ಮೂರು ದಿನ ಉರಿ ಆಕುದ್ರೂ ಮೇಲಕ್ಕೇಳ್ಲಿಲ್ಲ, ಮೇಲಿನ ಒಪ್ಪಳೆ ಮಾತ್ರ ಸಿಡೀತು. ಮಳೆ ಬಂದು ಬೂದಿನೂ ತೊಳ್ಕೊಂಡೋಯ್ತು.”

ನಾನು ಇಲ್ಲಿ ವಾರಗಟ್ಟಲೆ ಓಡಾಡಿದಾಗ ಯಾಕೆ ಹೇಳಲಿಲ್ಲ ಎಂದೆ. ನನ್ನ ತಪ್ಪಿಗೆ ಅವರನ್ನೇ ಗದರುವ ದನಿ ಅದು, ಇಂದಿಗೂ ನಾಚಿಕೆಯಾಗುತ್ತದೆ.

“ನೀವು ಕೇಳ್ಲಿಲ್ವಲ್ಲ ಸಾಮಿ,” ಎಂದರು ಆತ. “ತಲೆ ತಗ್ಗಿಸ್ಕೊಂಡ್ ಬರೋರು, ತಲೆ ತಗ್ಗಿಸ್ಕೊಂಡ್ ಓಗೋರು.”

ಮಾರನೆಯ ಬೆಳಿಗ್ಗೆ ಬಂಗಾರಪೇಟೆಯಲ್ಲಿ ರೈಲು ಹಿಡಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಒಳಗೇ ಹೇಳಿಕೊಂಡು ಬಂದಿದ್ದೆ, ರಾಯರ ಮುಂದೆ ಎಲ್ಲ ಕಲಸಿಹೋಯಿತು. ಅವರ ಕೊನೆಯ ಅಧ್ಯಾಯ ಮೇಜಿನ ಮೇಲೆ, ಕೆಂಪು ಗೀಟು ಎಳೆಸಿಕೊಂಡು ಬಿದ್ದಿತ್ತು. ಅದು ಪರ್ವತದ ಶಾಖ ಅಲ್ಲ ಸರ್, ಸೌದೆಯ ಬೆಂಕಿ, ಅಲ್ಲಿ ಕಲ್ಲು ಒಡೆಯುವವರೊಬ್ಬರು ಹೇಳಿದರು ಎಂದೆ. ರಾಯರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಬೈದಿದ್ದರೆ ಹಗುರಾಗುತ್ತಿತ್ತು. ಅಧ್ಯಾಯದ ಹಾಳೆಗಳನ್ನು ಜೋಡಿಸಿ ಇದ್ದ ಕಡೆಯೇ ಸೇರಿಸಿ, ನೆರವಾದವರ ಪಟ್ಟಿ ಇದ್ದ ಹಾಳೆಯನ್ನು ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.

“ಅವರ ಹೆಸರೇನ್ರೀ?”

ನನಗೆ ಗೊತ್ತಿರಲಿಲ್ಲ. ಕೇಳಲಿಲ್ಲವಲ್ಲ ಎಂದು ಬಂಡೆಯ ಬಳಿ ಅವರೇ ಹೇಳಿದ ಮೇಲೂ ನಾನು ಕೇಳಿರಲಿಲ್ಲ.

ಸಿಕ್ಕ ರೈಲಿಗೆ ವಾಪಸು ಬಂದು, ಮಾರನೆಯ ದಿನ ಬಂಡೆಗೆ ಹೋದೆ. ಹೆಸರು ಮುನಿವೆಂಕಟಪ್ಪ. ನಾನು ಬರೆದುಕೊಳ್ಳುತ್ತಿರುವಾಗ ಅವರು ಪಕ್ಕದಲ್ಲಿ ಕೂತು, ನಿಮ್ದು ಯಾವೂರು ಎಂದು ಕೇಳಿದರು. ಹೇಳಿದೆ.

“ಮನೇಲಿ ಯಾರ್ ಯಾರವ್ರೆ ಸಾಮಿ?”

ಕೋಲಾರಕ್ಕೆ ಬಂದು ಒಂದೂವರೆ ವರ್ಷವಾಗಿತ್ತು. ಯಾರೂ ಇಲ್ಲ ಎಂದು ಅಂದು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅವರು ಬುತ್ತಿ ಬಿಚ್ಚಿ, ರಾಗಿಮುದ್ದೆಯನ್ನು ಅರ್ಧ ಮುರಿದು ನನ್ನ ಕೈಗಿಟ್ಟರು.

ಕಲ್ಲಿನ ವಯಸ್ಸು ಬರೆಯುವ ಮುನ್ನ ಅಲ್ಲಿಯ ಜನರನ್ನು ಮಾತಾಡಿಸಬೇಕು, ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ನಿವೃತ್ತನಾಗುವವರೆಗೂ ಪ್ರತಿ ಮಾದರಿಯ ಪಕ್ಕದಲ್ಲಿ ಆ ಜಾಗ ಬಲ್ಲವರೊಬ್ಬರ ಹೆಸರು ಬರೆದಿಡುತ್ತಿದ್ದೆ. ನೋಟ್‌ಬುಕ್ಕುಗಳು ಈಗಲೂ ನನ್ನ ಬಳಿ ಇವೆ. ಕೋಲಾರದ ಮೊದಲ ಒಂದೂವರೆ ವರ್ಷದ ಹಾಳೆಗಳಲ್ಲಿ ಒಬ್ಬರ ಹೆಸರೂ ಇಲ್ಲ.