ಮಾತ್ರೆಯಿಂದ ಊದಿದ ಕಣ್ಣು

ವಾಂತಿಯಾಗಬಹುದು, ಕಾಲಿನ ಸ್ನಾಯು ಹಿಡಿಯಬಹುದು, ಮೈಮೇಲೆ ದದ್ದು ಏಳಬಹುದು, ಎಲ್ಲಕ್ಕಿಂತ ಹೆಚ್ಚಾಗಿ ಮಾತ್ರೆ ಕೆಲಸವನ್ನೇ ಮಾಡದಿರಬಹುದು. ರಕ್ತದ ಕ್ಯಾನ್ಸರಿಗೆ ದಿನಾ ಊಟದ ಜೊತೆ ನುಂಗಬೇಕಾದ ಮಾತ್ರೆಯ ಬಗ್ಗೆ ಡಾಕ್ಟರು ಹೇಳಿದ ತೊಂದರೆಗಳಿಗೆ, ಹೇಳದಿದ್ದವನ್ನೂ ನಾನೇ ಸೇರಿಸಿಕೊಂಡು ಹೆದರಿದ್ದೆ. "ಕಣ್ಣಿನ ಸುತ್ತ ಸ್ವಲ್ಪ ಊದಬಹುದು" ಎಂದೂ ಅವರು ಹೇಳಿದ್ದರು. ಅದೊಂದನ್ನು ಮಾತ್ರ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಮೊನ್ನೆ ವರದಿ ಬಂತು. ಮಾತ್ರೆ ಗೆದ್ದಿತ್ತು, ರಕ್ತದಲ್ಲಿ ರೋಗದ ಸುಳಿವಿರಲಿಲ್ಲ. ಮಾತ್ರೆ ಮಾತ್ರ ನಿಲ್ಲಿಸಬೇಡಿ ಎಂದರು ಡಾಕ್ಟರು. ಆ ಖುಷಿಯಲ್ಲೇ ವಿರಾಜಪೇಟೆಯಲ್ಲಿ ನಡೆದ ನೆಂಟರ ಮದುವೆಗೆ ಹೋದೆ. ಕಾಯಿಲೆ ಬಂದಂದಿನಿಂದ ಮದ್ಯದ ಗ್ಲಾಸು ಮುಟ್ಟದವನು ನಾನು. ವಿಷಯ ಗೊತ್ತಿಲ್ಲದ ದೂರದ ಭಾವ ಬಾಗಿಲಲ್ಲೇ ನನ್ನ ಊದಿದ ಕಣ್ಣು ನೋಡಿ ಕೂಗಿದರು:

"ಏನ್ ಭಾವ, ಬೆಳಿಗ್ಗೆನೇ ಶುರು ಮಾಡಿದ್ರಾ? ನಮ್ಗೆ ಸ್ವಲ್ಪ ಕಾಯ್ಬಾರ್ದಿತ್ತಾ?"