ಅತ್ತೆಯ ಅರ್ಧ, ನನ್ನ ಅರ್ಧ

ನಮ್ಮ ಮನೆಯ ಲ್ಯಾಪ್‌ಟಾಪಿನ ಪಾಸ್‌ವರ್ಡ್ ಪೂರ್ತಿಯಾಗಿ ಯಾರಿಗೂ ಗೊತ್ತಿರಲಿಲ್ಲ. ಮೊದಲರ್ಧ ಭದ್ರಾವತಿಯಲ್ಲಿರುವ ನನ್ನ ಸೋದರತ್ತೆಗೆ ಗೊತ್ತು, ಉಳಿದರ್ಧ ಶಿವಮೊಗ್ಗದಲ್ಲಿರುವ ನನಗೆ ಗೊತ್ತು. ಇಂಥ ಏರ್ಪಾಡು ಬೇರೆ ಯಾರ ಮನೆಯಲ್ಲಾದರೂ ಇದೆಯೋ ಇಲ್ಲವೋ ಕಾಣೆ. ನಮ್ಮ ವಂಶಕ್ಕೆ ಇದು ಸಹಜವೇ. ಹೊಸ ಬೀಗ ಕೊಂಡರೆ ಅಂಗಡಿಯವನ ಎದುರಿಗೇ ಹಾಕಿ ತೆಗೆದು ನೋಡಿ, ಆಮೇಲೂ ‘ಇವನ ಹತ್ರ ಇನ್ನೊಂದು ಕೀ ಇದ್ರೆ?’ ಎಂದು ಗೊಣಗುತ್ತ ಮನೆಗೆ ಬರುವ ಜನ ನಾವು.

ಆ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಅತ್ತೆಯ ದನಿ. ಭದ್ರಾವತಿಯ ದೊಡ್ಡ ಕಾರ್ಖಾನೆಗಳ ನೆರಳಿನಲ್ಲಿ ಒಂದು ಸಣ್ಣ ಫೌಂಡ್ರಿ ಇತ್ತು. ಈಗ ಅದರ ಗೋಡೆಯೂ ಇಲ್ಲ. ನನ್ನಪ್ಪ ಅಲ್ಲಿ ಅಚ್ಚು ಕಟ್ಟುವ ಕೆಲಸದಲ್ಲಿದ್ದರು, ಅವರ ತಂಗಿಯಾದ ಅತ್ತೆ ಆಫೀಸಿನಲ್ಲಿ ಟೈಪಿಸ್ಟು. ಒಮ್ಮೆ ಮುಷ್ಕರವಾಗಿ ಕೆಲವರನ್ನು ಕೆಲಸದಿಂದ ತೆಗೆದ ನೋಟೀಸು ಗೇಟಿಗೆ ಬಿತ್ತು. ಅದರಲ್ಲಿ ಅಪ್ಪನ ಟೋಕನ್ ನಂಬರೂ ಇತ್ತು. ಟೈಪ್ ಮಾಡಿದವರು ಅತ್ತೆ. ತನ್ನ ಕೆಲಸ ಉಳಿಸಿಕೊಳ್ಳಲು ತಂಗಿಯೇ ನಂಬರು ಕೊಟ್ಟಳೆಂದು ಅಪ್ಪ ನಂಬಿದರು. ಸಾಯುವ ತನಕ ಮಾತಾಡಿಸಲಿಲ್ಲ.

ಅತ್ತೆ ತನ್ನ ಕಡೆಯ ಮಾತನ್ನು ಯಾರಿಗೂ ಹೇಳಿರಲಿಲ್ಲ. ಎಂಬತ್ತು ದಾಟಿದ ಮೇಲೆ, ಯಾಕೆ ಅನ್ನಿಸಿತೋ, ನನಗೆ ಹೇಳಿ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿಸಿದರು. ಮೊದಲ ಸಲ ಅಣ್ಣನ ನಂಬರು ಬಿಟ್ಟೇ ಟೈಪ್ ಮಾಡಿದ್ದರಂತೆ. ಮ್ಯಾನೇಜರ್ ಕಂಡುಹಿಡಿದು, ಪಕ್ಕದಲ್ಲಿ ನಿಂತು, ಎರಡನೆಯ ಸಲ ಹೊಡೆಸಿದನಂತೆ. ಅಪ್ಪ ನೋಡಿದ್ದು ಎರಡನೆಯದನ್ನು ಮಾತ್ರ.

“ನಾನು ಹೋದ್ಮೇಲೆ ನಿನ್ನ ಅಕ್ಕ ತಂಗೀರಿಗೆಲ್ಲ ಕೇಳಿಸು. ಅಲ್ಲೀವರೆಗೆ ಒಂದು ನರಪಿಳ್ಳೆ ಕೇಳಬಾರ್ದು. ನಿನ್ನ ಹೆಂಡ್ತಿನೂ ಕೂಡ. ಇನ್ನೊಂದ್ಸಲ ನನ್ನ ಬಾಯಲ್ಲಿ ಇದು ಬರಲ್ಲ ಕಣೋ” ಎಂದಿದ್ದರು ಅತ್ತೆ.

ಅದಕ್ಕೇ ಡಿಸ್ಕಿಗೆ ಬೀಗ ಹಾಕಿಸಿದೆ. ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ, ಬೇರೇನೂ ಕಾಣುವ ಮೊದಲೇ, ಕಪ್ಪು ಪರದೆಯಲ್ಲಿ ಪಾಸ್‌ವರ್ಡ್ ಕೇಳುತ್ತದೆ. ಕೊಡದಿದ್ದರೆ ಒಳಗಿರುವುದೆಲ್ಲ ಯಾರಿಗೂ ಅರ್ಥವಾಗದ ಹುಡಿ. ಅತ್ತೆ ಅವರ ಅರ್ಧ ಒತ್ತುವಾಗ ನಾನು ಗೋಡೆಯ ಕಡೆ ತಿರುಗಿದ್ದೆ, ನಾನು ಒತ್ತುವಾಗ ಅವರು. ಮರೆತರೆ ಬೇಕಾಗುತ್ತದೆಂದು ಪೆನ್‌ಡ್ರೈವಿನಲ್ಲಿ ಇನ್ನೊಂದು ಕೀ ಇಟ್ಟುಕೊಳ್ಳಬಹುದು ಎಂದರೆ ಅತ್ತೆ ಒಪ್ಪಲಿಲ್ಲ. “ಎರಡು ಕೀ ಮಾಡೋದಾದ್ರೆ ಬೀಗ ಯಾಕೆ?” ಹೀಗಾಗಿ ನಾನು ಲ್ಯಾಪ್‌ಟಾಪನ್ನು ಆಫ್ ಮಾಡುತ್ತಲೇ ಇರಲಿಲ್ಲ, ಮುಚ್ಚಳ ಮುಚ್ಚಿ ಮಲಗಿಸುತ್ತಿದ್ದೆ. ಅಪರೂಪಕ್ಕೆ ತಾನಾಗಿಯೇ ಆಫ್ ಆದರೆ ಚೀಲದಲ್ಲಿ ಹಾಕಿಕೊಂಡು ಭದ್ರಾವತಿ ಬಸ್ ಹತ್ತಿ, ಅತ್ತೆಯ ಕೈಯಲ್ಲಿ ಒತ್ತಿಸಿಕೊಂಡು ಬರುತ್ತಿದ್ದೆ.

ಹೋದ ಆಯುಧಪೂಜೆಯ ದಿನ ನಾನು ಬಾಳೆಕಂದು ತರಲು ಹೋದಾಗ ನನ್ನ ಹೆಂಡತಿ ಅದನ್ನು ಪೂರ್ತಿ ಆಫ್ ಮಾಡಿ, ಒರೆಸಿ, ಕೀಲಿಗಳ ಮೇಲೆ ಕುಂಕುಮ ಇಟ್ಟು, ಸ್ಕೂಟರಿನ ಪಕ್ಕದಲ್ಲಿ ಮಣೆಯ ಮೇಲೆ ಕೂರಿಸಿದ್ದಳು.

“ಆಫ್ ಯಾಕೆ ಮಾಡ್ದೆ ಮಾರಾಯ್ತಿ!”

“ಈಳಿಗೆಮಣೆಗೂ ಇವತ್ತು ರೆಸ್ಟು ಕೊಟ್ಟಿದೀನಿ. ಇದೇನು ದೊಡ್ಡ ಮನುಷ್ಯನಾ? ಅಷ್ಟಕ್ಕೂ ಅದ್ರಲ್ಲಿ ಏನಿದೆ ಅಂತ ಇಷ್ಟು ಗಾಬರಿ ನಿಮಗೆ?”

ಆ ಕೊನೆಯ ಪ್ರಶ್ನೆಯನ್ನು ಅವಳು ಬಹಳ ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದಳೆಂದು ಗೊತ್ತಾಯಿತು. ನನಗೂ ಒಂದು ಗುಮಾನಿ ಬಂತು: ಬರೀ ಒರೆಸಿದಳೋ, ಒಳಗೆ ಏನಿದೆ ಎಂದು ಕೆದಕಲು ಹೋಗಿ ಏನಾದರೂ ಕೆಡಿಸಿದಳೋ?

ವಿಜಯದಶಮಿಯ ದಿನ ಭದ್ರಾವತಿಗೆ ಹೋದೆ. ಅತ್ತೆ ಬಚ್ಚಲಲ್ಲಿ ಜಾರಿ ಬಲ ಮಣಿಕಟ್ಟು ಮುರಿದುಕೊಂಡಿದ್ದರು. ಅಂಗೈವರೆಗೂ ಪ್ಲಾಸ್ಟರು, ಬೆರಳುಗಳ ತುದಿ ಮಾತ್ರ ಹೊರಗೆ. ಕಣ್ಣೂ ಮಂಜು, ಕೀಲಿಗಳ ಮೇಲಿನ ಅಕ್ಷರ ಅವರಿಗೆ ಕಾಣುವುದಿಲ್ಲ, ಬೆರಳ ಅಭ್ಯಾಸದಲ್ಲೇ ಒತ್ತುತ್ತಿದ್ದವರು. ಬೇರೆ ದಾರಿಯಿರಲಿಲ್ಲ. ಅವರ ಅರ್ಧವನ್ನು ನನಗೆ ಬಾಯಲ್ಲಿ ಹೇಳಬೇಕಿತ್ತು.

ಅತ್ತೆ ತಮ್ಮ ಸೊಸೆಯನ್ನು ಕೊತ್ತಂಬರಿ ಸೊಪ್ಪು ತರಲು ಅಂಗಡಿಗೆ ಅಟ್ಟಿದರು. ಕಿಟಕಿ ಹಾಕಿಸಿದರು. “ಆ ನಿನ್ನ ಮೊಬೈಲು ಅಡುಗೆಮನೇಲಿ ಇಟ್ಟು ಬಾ. ಅದು ಕೇಳಿಸ್ಕೊಳ್ಳತ್ತಂತೆ.” ಇಟ್ಟು ಬಂದೆ. ಕಿವಿಯಲ್ಲಿ ನಾಲ್ಕು ಅಂಕಿ ಉಸುರಿದರು.

ಅದು ಅಪ್ಪನ ಟೋಕನ್ ನಂಬರು. ಆ ನಂಬರು ಕೊರೆದಿದ್ದ ಅವರ ಹಿತ್ತಾಳೆ ಬಿಲ್ಲೆಯನ್ನು ಕದ್ದೊಯ್ದು ಕುಂಟೆಬಿಲ್ಲೆ ಆಡಿ ಚಿಕ್ಕಂದಿನಲ್ಲಿ ನಾನು ಏಟು ತಿಂದಿದ್ದೆ, ಮರೆಯುವ ನಂಬರಲ್ಲ. ಮಾತೇ ಬಿಟ್ಟ ಅಣ್ಣನ ನಂಬರನ್ನು ಯಾರಾದರೂ ಪಾಸ್‌ವರ್ಡ್ ಮಾಡಿಕೊಳ್ಳುತ್ತಾರೆಯೇ? ಬಾಯಿಗೆ ಬಂದದ್ದೊಂದನ್ನು ಹೇಳಿ ನನ್ನನ್ನು ಸಾಗಹಾಕುತ್ತಿದ್ದಾರೆ ಎಂದುಕೊಂಡೆ.

ಆದರೂ ಒತ್ತಿದೆ. ಪರದೆಯ ಮೇಲೆ ಬರೀ ನಕ್ಷತ್ರಗಳು. ಹಿಂದೆಯೇ ನನ್ನ ಅರ್ಧ ಒತ್ತಿದೆ. ಲ್ಯಾಪ್‌ಟಾಪು ಒಂದಷ್ಟು ಹೊತ್ತು ಧ್ಯಾನ ಮಾಡಿ, ಪಾಸ್‌ವರ್ಡ್ ತಪ್ಪು ಎಂದಿತು.

ಕ್ಯಾಪ್ಸ್‌ಲಾಕ್ ನೋಡಿದೆ, ಆನ್ ಆಗಿರಲಿಲ್ಲ. ಕುಂಕುಮ ಕೀಲಿಗಳೊಳಗೆ ಇಳಿದು ಅಂಟಿಕೊಂಡಿರಬಹುದೆಂದು ಸೊಸೆಯ ಕೋಣೆಯಲ್ಲಿದ್ದ ಬೇರೆ ಕೀಬೋರ್ಡು ತಂದು ಚುಚ್ಚಿದೆ. ತಪ್ಪು. ಅದರ ಬಲಗಡೆಯ ಅಂಕಿ ಕೀಲಿಗಳು ಸತ್ತಿರಬಹುದೆಂದು ಮೇಲಿನ ಸಾಲಿನ ಅಂಕಿಗಳನ್ನೇ ಒತ್ತಿದೆ. ತಪ್ಪು. ನನ್ನ ಅರ್ಧವನ್ನು ಒಂದೊಂದೇ ಅಕ್ಷರ ಮನಸ್ಸಿನಲ್ಲಿ ಹೇಳಿಕೊಂಡು ಒತ್ತಿದೆ. ತಪ್ಪು.

“ಅತ್ತೆ, ನಂಬರು ಸರಿಯಾಗಿ ನೆನಪಿದ್ಯಾ?”

“ನನ್ನ ನೆನಪಿಗೆ ಏನಾಗಿದೆ? ನಿನ್ನ ಅರ್ಧ ನೀನು ಸರಿ ಒತ್ತಿದ್ಯಾ ನೋಡು.”

“ನಂದು ಸರಿಯಿದೆ.”

“ಹಾಗಾದ್ರೆ ಯಾರೋ ಬದಲಾಯಿಸಿದಾರೆ. ಹೆಂಡ್ತಿಗೆ ಕೇಳಿಸಿದ್ಯಲ್ಲ? ನಿಜ ಹೇಳು.”

“ದೇವರಾಣೆ ಇಲ್ಲ. ನೀವೇ ಈಗ ಬೇಡ ಅನ್ಸಿ...” ಎಂದು ಬಾಯಿ ಜಾರಿತು.

“ಏನು ಬೇಡ ಅನ್ಸಿ?”

“ಹೇಳಿದ್ದು ಹಾಗೇ ಮುಚ್ಚಿಹೋಗ್ಲಿ ಅನ್ಸಿದ್ಯೇನೋ. ಅದಕ್ಕೇ ತಪ್ಪು ನಂಬರು ಹೇಳ್ತಿದ್ದೀರೇನೋ ಅಂತ.”

ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಮೆತ್ತಗೆ ಅಂದರು: “ನಿನ್ನಪ್ಪನೂ ಹೀಗೇ ನೋಡಿದ್ದ ನನ್ನ. ಇದೇ ನಂಬರಿಗೆ.”

ನಾನು ತಲೆ ತಗ್ಗಿಸಿದೆ. ತಗ್ಗಿಸಿದ್ದರಿಂದಲೇ ಅವರ ಮಡಿಲಲ್ಲಿದ್ದ ಕೈ ಕಣ್ಣಿಗೆ ಬಿತ್ತು. ಅತ್ತೆ ಅಳುವಿಗೋ ಸಿಟ್ಟಿಗೋ ಆ ನಂಬರನ್ನು ತಮ್ಮಷ್ಟಕ್ಕೆ ಗುನುಗುತ್ತಿದ್ದರು. ಒಂದೊಂದು ಅಂಕಿಗೂ ಬೆರಳು ಅಲುಗುತ್ತಿತ್ತು. ಆ ನಂಬರಿನಲ್ಲಿ ಎರಡು ಒಂದುಗಳಿವೆ. ಒಂದು ಎನ್ನುವಾಗಲೆಲ್ಲ ಪ್ಲಾಸ್ಟರಿನ ಆಚೆ ಇಣುಕುತ್ತಿದ್ದ ಬಲಗೈಯ ಉಂಗುರದ ಬೆರಳು ಕೆಳಗೆ ಕುಟ್ಟುತ್ತಿತ್ತು. ಕೀಬೋರ್ಡಿನಲ್ಲಿ ಒಂದರ ಕೀಲಿ ಇರುವುದು ಎಡಗಡೆಯ ತುತ್ತತುದಿಗೆ. ಅಲ್ಲಿಗೆ ಬಲಗೈ ಯಾಕೆ ಹೋಗಬೇಕು?

“ಅತ್ತೆ, ಒಂದು ಅನ್ನೋದನ್ನ ನೀವು ಎಲ್ಲಿ ಒತ್ತೋದು?”

“ಎಲ್ಲಿ ಅಂದ್ರೆ? ಎಲ್ ಮೇಲೆ. ಸಣ್ಣ ಎಲ್ಲು.”

“ಒಂದಕ್ಕೆ ಬೇರೆ ಕೀಲಿನೇ ಇದೆಯಲ್ಲ!”

“ನಿನ್ನ ಕಂಪ್ಯೂಟರಲ್ಲಿ ಇರಬಹುದು ಮಾರಾಯ. ನಮ್ಮ ಹಳೇ ಟೈಪಿಂಗ್ ಮೆಷಿನಲ್ಲಿ ಎಲ್ಲಿತ್ತು? ಎರಡರಿಂದ ಶುರು. ಒಂದು ಬೇಕಂದ್ರೆ ಎಲ್ ಹೊಡೀಬೇಕು. ಕಾಗದದ ಮೇಲೆ ಎರಡೂ ಒಂದೇ ಥರ ಕಾಣ್ತಿತ್ತು. ಆ ಸಣ್ಣ ಫೌಂಡ್ರಿಗೆ ಹೊಸ ಮೆಷಿನ್ ಯಾರು ತಂದ್ಕೊಡ್ತಾರೆ?”

ಒಂದುಗಳಿದ್ದ ಕಡೆ ಎಲ್ ಒತ್ತಿದೆ. ನನ್ನ ಅರ್ಧ ಒತ್ತಿದೆ. ಅದು ಮತ್ತೆ ಧ್ಯಾನಕ್ಕೆ ಕೂತಿತು. ಕಪ್ಪು ಪರದೆ ಸರಿದು ನೀಲಿ ಬಂತು.

ಎರಡು ಸಲ ಆ ನೋಟೀಸು ಹೊಡೆದ ಬೆರಳು, ಇಷ್ಟು ವರ್ಷವಾದರೂ, ಆ ನಂಬರನ್ನು ಅಂದಿನ ಹಾಗೇ ಹೊಡೆಯುತ್ತಿತ್ತು. ಸುಳ್ಳು ಹೇಳುತ್ತಿದ್ದಾರೆಂದು ನಾನು ಅಂದುಕೊಂಡಿದ್ದವರ ಕೈ ಅದು.

“ಇದೇ ನಂಬರು ಯಾಕೆ ಇಟ್ಕೊಂಡ್ರಿ ಅತ್ತೆ?”

“ಮತ್ಯಾವ್ದು ಇಟ್ಕೊಳ್ಳಲಿ? ನನಗೆ ಮರೆಯದೇ ಇರೋದು ಅದೊಂದೇ.”

ಸ್ವಲ್ಪ ಕೇಳಿಸು ಎಂದರು. ಮೊದಲ ಸಲ ನಂಬರು ಬಿಟ್ಟು ಹೊಡೆದದ್ದನ್ನು ಹೇಳಿದ ಭಾಗವನ್ನು ಹುಡುಕಿ ಹಾಕಿದೆ. ತಮ್ಮದೇ ದನಿಯನ್ನು ಅವರು ಬೇರೆ ಯಾರದೋ ಸಾಕ್ಷಿ ಕೇಳುವ ಹಾಗೆ ಕಿವಿಗೊಟ್ಟು ಕೇಳಿದರು. ಎಲ್ಲೂ ಕತ್ತರಿಸಿಲ್ಲ, ಸೇರಿಸಿಲ್ಲ ಎಂದು ಖಾತ್ರಿಯಾದ ಮೇಲೆ ಸಾಕು ಎಂದು ಕೈಯಾಡಿಸಿದರು.

ಹೊರಗೆ ಗೇಟು ಸದ್ದಾಯಿತು. ಸೊಸೆ ಕೊತ್ತಂಬರಿ ಸೊಪ್ಪು ಹಿಡಿದು ಬರುತ್ತಿದ್ದಳು. ಅತ್ತೆ ಅವಸರ ಮಾಡಿದರು.

“ನನ್ನ ಅರ್ಧ ಈಗ ನಿಂಗೆ ಗೊತ್ತಾಯ್ತಲ್ಲ, ಅದು ನಡೆಯಲ್ಲ. ಬದಲಾಯಿಸೋ ಪರದೆ ತೆಗಿ. ಈ ಸಲ ಬರೀ ಎಡಗೈಲಿ ಆಗೋ ಹಾಗೆ ಇಟ್ಕೋತೀನಿ.”

“ಇನ್ನೂ ನಂಬಿಕೆ ಇಲ್ವಾ ಅತ್ತೆ ನನ್ನ ಮೇಲೆ?”

“ನಿಂಗೆ ಇತ್ತಾ? ಸುಮ್ನೆ ಗೋಡೆ ಕಡೆ ತಿರುಗು.”

ತಿರುಗಿದೆ. ಎಡಗೈಯ ಟಕಟಕ ಸದ್ದು ಹಿಂದಿನಿಂದ ಕೇಳುತ್ತಿತ್ತು. ಎಷ್ಟು ಸಲ ಎಂದು ಎಣಿಸಬೇಕೆಂಬ ಆಸೆ ಬಂತು. ಎಣಿಸಲಿಲ್ಲ.