ಹಾಯಿಯ ಮೂಲೆಗೆ ಅರಿಶಿನ

ಮೊನ್ನೆ ಮೊಮ್ಮಗಳ ಹೊಸ ಲಂಗದ ಅಂಚಿಗೆ ಸೊಸೆ ಅರಿಶಿನ ಕಲಸಿ ಹಚ್ಚಿದಳು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ನಾನು ಎದ್ದು ಹೊರಗೆ ಬಂದೆ. ಅಕ್ಕ ನೆನಪಾದಳು...

ಹಿಂದೂಪುರದ ಹೊರಗೆ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಅಲ್ಲಿ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಬೆಳ್ಳಿಬಣ್ಣದ ಹಾಳೆಯಿಂದ ಹಾಯಿ ಮಾಡುತ್ತಿದ್ದರು. ಬೇರೆ ಯಾವುದೋ ನಕ್ಷತ್ರದ ಕಡೆಯಿಂದ ಒಂದು ಕಲ್ಲು ನಮ್ಮ ಸೂರ್ಯನತ್ತ ಬರುತ್ತಿತ್ತು. ಒಮ್ಮೆ ಹಾದುಹೋದರೆ ಅದು ಮತ್ತೆ ಬರುವುದಿಲ್ಲ. ಆಕಾಶದಲ್ಲಿ ಬಿಸಿಲೇ ತಳ್ಳುವ ಈ ಹಾಯಿ, ಪುಟ್ಟ ಕ್ಯಾಮೆರಾ ಹೊತ್ತು ಅದರ ಹತ್ತಿರ ಹೋಗಬೇಕಿತ್ತು.

ಹಾಯಿ ಮಡಿಸಲು ಕಲ್ಯಾಣದುರ್ಗದಿಂದ ಬಂದವಳು ಈ ಅಕ್ಕ. ನೇಯ್ಗೆಯವರ ಮನೆಯವಳು, ರೇಷ್ಮೆ ಸೀರೆ ಮಡಿಸಿ ಪಳಗಿದ ಕೈ. ನನಗಿಂತ ಚಿಕ್ಕವಳಾದರೂ ಎಲ್ಲರಿಗೂ ಅಕ್ಕ.

ಕೊನೆಯ ಮಡಿಕೆಯ ದಿನ ನಾನೆಂದೆ: "ಮೂಲೆಗೆ ಒಸಿ ಅರಿಶಿನ ಇಕ್ಕಮ್ಮ. ಹೊಸ ಬಟ್ಟೆ. ಆ ಕಲ್ಲು ಎಲ್ಲಿಂದ ಬತ್ತಾ ಐತೋ, ಏನ್ ತತ್ತಾ ಐತೋ..."

ಅವಳು ನಕ್ಕಳು. "ಅದೇನು ಹೆಣ್ಣು ನೋಡಾಕೆ ಬತ್ತಾ ಐತಾ ಅಣ್ಣ? ಸುಮ್ಕಿರು. ಇದಕ್ಕೆ ಏನ್ ತಾಕಿದ್ರೂ ಅಂಟ್ಕಂಬುಡ್ತದೆ."

ಅವಳು ಊಟಕ್ಕೆ ಹೋದಾಗ ನಾನೇ ಒಂದು ಬೊಟ್ಟು ಇಟ್ಟೆ. ಅಷ್ಟು ಕತ್ತಲೆ ದಾಟಿ ಬರುವ ಗುರುತಿಲ್ಲದವನ ಮುಂದೆ ಬರಿಯ ಬಟ್ಟೆ ಕಳಿಸಲು ಹೆದರಿಕೆಯಾಯಿತು.

ಕಳಿಸುವ ಮೊದಲು ಬಿಚ್ಚಿ ನೋಡುವ ದಿನ ಮೂರು ಮೂಲೆ ಮೆಲ್ಲಗೆ ತೆರೆದವು. ನಾಲ್ಕನೆಯದು ಬಿಡಲಿಲ್ಲ. ಮೋಟಾರು ಎಳೆಯಿತು. ಎಲೆ ಹರಿದಂಥ ಸಣ್ಣ ಸದ್ದು... ಹಾಯಿ ನಡುವಿನವರೆಗೂ ಸೀಳಿತು. ಅಂಟಿದ್ದ ಕಡೆ ಹಳದಿ ಕಲೆ.

"ಇದಿ ಎವರು ಪೆಟ್ಟಾರು?" ಎಂದರು ಮ್ಯಾನೇಜರು. ಇದನ್ನು ಇಟ್ಟವರು ಯಾರು ಅಂತ. ಎಲ್ಲರೂ ಅಕ್ಕನನ್ನು ನೋಡಿದರು. ಕೆನ್ನೆಗೆ ಅರಿಶಿನ ಹಚ್ಚಿಕೊಂಡು ಬರುತ್ತಿದ್ದ ಹೆಂಗಸು ಅಲ್ಲಿ ಅವಳೊಬ್ಬಳೇ.

"ನಾನಲ್ಲ ಸಾರ್. ಅಣ್ಣನ್ನ ಕೇಳಿ, ನಾನು ಬ್ಯಾಡ ಅಂದಿದ್ದೆ."

"ನಂಗೇನೂ ಗೊತ್ತಿಲ್ಲ" ಎಂದೆ.

ಅವತ್ತೇ ಅವಳನ್ನು ಕೆಲಸದಿಂದ ತೆಗೆದರು. ನಮ್ಮ ಕಡೆ ಹೊರಡುವಾಗ ಯಾರೂ ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎನ್ನುತ್ತಾರೆ. ಗೇಟಿನ ಹತ್ತಿರ ಅವಳು ನನ್ನ ಮುಖ ನೋಡಿಕೊಂಡೇ ಹೇಳಿದಳು: "ಹೋಯ್ತೀನಿ ಅಣ್ಣ."

ಇನ್ನೊಂದು ಹಾಯಿ ಸಿದ್ಧವಾಗುವಷ್ಟರಲ್ಲಿ ಕಲ್ಲು ಹಾದುಹೋಗಿತ್ತು. ಅದು ಏನು ಹೊತ್ತು ಬಂದಿತ್ತೋ, ಯಾರೂ ನೋಡಲಿಲ್ಲ. ಆಮೇಲೆ ಎಷ್ಟೋ ಸಲ ಕಲ್ಯಾಣದುರ್ಗದ ಬಸ್ಸಿನ ಹತ್ತಿರ ನಿಂತು, ಹತ್ತದೆ ವಾಪಸಾದೆ. ಕೊನೆಗೊಮ್ಮೆ ಹೋದಾಗ ಅವಳ ನಾದಿನಿ ಬಾಗಿಲಲ್ಲೇ ಹೇಳಿದಳು: "ಅಕ್ಕ ಇಲ್ಲ ಕಣಪ್ಪ. ತೀರಿ ಹೋಗ್ಬುಟ್ಳು. ನೀನ್ಯಾರು?"

ತಿರುಗಿ ಬಸ್ಸಿನ ಕಡೆ ನಡೆದೆ...

ಮೊನ್ನೆ ಮೊಮ್ಮಗಳು ಲಂಗ ತೊಟ್ಟು ನನ್ನ ಕಾಲಿಗೆ ಬಿದ್ದಳು. ಅಂಚಿನ ಅರಿಶಿನ ಇನ್ನೂ ಒದ್ದೆಯಿತ್ತು. ಆಶೀರ್ವಾದಕ್ಕೆ ಕೈ ಎತ್ತಿದೆ. ಅವಳ ತಲೆಯ ಮೇಲಿಡಲು ಆಗಲಿಲ್ಲ.